ಹಳ್ಳ ದಾರಿ ಬದಲಿಸಿದ ವರ್ಷ

ನಮ್ಮ ಮನೆಗೆ ಒಲೆ ಎರಡು, ಅಟ್ಟ ಒಂದು. ತಾತ ಬದುಕಿದ್ದಾಗಲೇ ಇಬ್ಬರು ಗಂಡುಮಕ್ಕಳಿಗೂ ಪಾಲು ಮಾಡಿ, ನಡುಮನೆಗೆ ಅಡ್ಡವಾಗಿ ಮಣ್ಣಿನ ಗೋಡೆ ಎಬ್ಬಿಸಿದ್ದ. ಆಚೆ ಕಡೆ ದೊಡ್ಡಪ್ಪ, ಈಚೆ ಕಡೆ ಅಪ್ಪ. ಗೋಡೆ ಮೇಲೆದ್ದು ಅಟ್ಟದ ತೊಲೆಗೆ ತಾಗಿ ನಿಂತುಬಿಟ್ಟಿತ್ತು. ಅಟ್ಟವನ್ನು ಸೀಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಎರಡೂ ತೋಟದ ತೆಂಗಿನಕಾಯಿ ಅಲ್ಲೇ ರಾಶಿ ಬೀಳುತ್ತಿತ್ತು, ಎರಡೂ ಒಲೆಯ ಹೊಗೆ ಕುಡಿದು ವರ್ಷ ಕಳೆಯುವುದರೊಳಗೆ ಕೊಬ್ಬರಿಯಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರೆ ಮೇಲೆ ಇಲಿ ಓಡಿ, ಒಣಗಿದ ಕಾಯಿ ಹೊರಳಿ, ಒಳಗಿನ ಗಿಟುಕು ಲೊಟಕ್ಕೆಂದು ಸದ್ದು ಮಾಡುತ್ತಿತ್ತು. ಗೋಡೆಯ ನಡುವೆ ದೀಪ ಇಡುವುದಕ್ಕೆಂದು ಒಂದು ಗೂಡು ಇತ್ತು, ಎರಡೂ ಕಡೆಗೆ ತೆರೆದದ್ದು. ಒಂದು ಬುಡ್ಡಿದೀಪದಲ್ಲಿ ಎರಡು ಸಂಸಾರಕ್ಕೂ ಬೆಳಕಾಗಲಿ ಎಂಬುದು ತಾತನ ಲೆಕ್ಕ. ಕರೆಂಟು ಬಂದ ಮೇಲೆ ಆ ಗೂಡಿನಲ್ಲಿ ದೀಪದ ಬದಲು ಉಪ್ಪು, ಹುಣಸೆಹಣ್ಣು, ಒಗ್ಗರಣೆಗೆ ಕೊರತೆಯಾದ ಒಂದು ಎಸಳು ಕರಿಬೇವು ಓಡಾಡತೊಡಗಿದವು.

ಓಡಾಡಿಸುವವರು ಅವ್ವ ಮತ್ತು ದೊಡ್ಡವ್ವ. ಅವರಿಬ್ಬರೂ ಒಡಹುಟ್ಟಿದವರು. ಅಕ್ಕನನ್ನು ಅಣ್ಣನಿಗೆ, ತಂಗಿಯನ್ನು ತಮ್ಮನಿಗೆ ತಂದುಕೊಂಡಿದ್ದರು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ನಾನು ಹುಟ್ಟಿ ವರ್ಷ ತುಂಬುವುದರೊಳಗೆ ನನ್ನ ತಮ್ಮ ಅವ್ವನ ಹೊಟ್ಟೆಯಲ್ಲಿದ್ದ. ಅವ್ವ ಬಸವಳಿದಿದ್ದಳು, ದೊಡ್ಡವ್ವನ ಮಡಿಲು ಖಾಲಿ ಇತ್ತು, ಹಾಗಾಗಿ ನಾನು ಗೋಡೆಯಾಚೆಗೆ ಹೋದೆ. ಯಾರೂ ಕೊಟ್ಟದ್ದಲ್ಲ, ಯಾರೂ ತೆಗೆದುಕೊಂಡದ್ದಲ್ಲ. ದೊಡ್ಡವ್ವ ಮುದ್ದೆಗೆ ತುಪ್ಪ ಸವರಿ ನುಂಗಿಸುತ್ತಿದ್ದಳು. ಅವ್ವನಿಗೋ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಈಚೆ ಬಂದು ಏನಾದರೂ ಚೆಲ್ಲಿದರೆ, ತಮ್ಮನನ್ನು ಅಳಿಸಿದರೆ, ಸೌಟು ತೋರಿಸಿ ಕೂಗುತ್ತಿದ್ದಳು.

"ಹೋಗೇ ಗೌರಿ, ಅಲ್ಲೇ ಬಿದ್ದಿರು ಹೋಗು. ಅವ್ಳೇ ಸರಿ ನಿಂಗೆ."

ನನಗೆ ಅದು ಬೈಗುಳ ಅನ್ನಿಸುತ್ತಲೇ ಇರಲಿಲ್ಲ. ಓಡಿಬಿಡುತ್ತಿದ್ದೆ. ಅವ್ವನಿಗೆ ನಾನೆಂದರೆ ಅಷ್ಟಕ್ಕಷ್ಟೇ ಎಂದು ತಿಳಿದುಕೊಂಡೇ ಬೆಳೆದೆ. ಮಕ್ಕಳ ತಿಳಿವಳಿಕೆಗೆ ಏನು ಹೇಳೋಣ, ಬಾಯಲ್ಲಿ ಬಂದದ್ದನ್ನೇ ಮನಸ್ಸು ಎಂದು ನಂಬುತ್ತವೆ.

ತೋಟವನ್ನು ಪಾಲು ಮಾಡುವಾಗ ತಾತ ಗಡಿಗೆ ಕಲ್ಲು ನೆಡಲಿಲ್ಲ. ನೆಡೋಣ ಎಂದವರಿಗೆ ಅವನು ಕೊಟ್ಟ ಉತ್ತರವನ್ನು ಊರಲ್ಲಿ ಬಹಳ ದಿನ ಆಡಿಕೊಳ್ಳುತ್ತಿದ್ದರು.

"ಕಲ್ಲು ನೆಟ್ರೆ ನನ್ ಮಕ್ಳು ಕಿತ್ತು ಜರುಗಿಸ್ತಾರೆ ಕಣ್ರಪ್ಪ. ಹಳ್ಳನ ಯಾವನು ಜರುಗಿಸ್ತಾನೆ? ಹಳ್ಳದಿಂದ ಮೂಡ್ಲಕ್ಕೆ ದೊಡ್ಡೋನು, ಪಡುವ್ಲಕ್ಕೆ ಚಿಕ್ಕೋನು. ಮುಗೀತು."

ಎಂಥ ಜಾಣ! ಮನುಷ್ಯರನ್ನು ನಂಬದೆ ನೀರನ್ನು ನಂಬಿದ. ಆ ಹಳ್ಳ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಸಾಲಿನಲ್ಲೆಲ್ಲೋ ಹುಟ್ಟಿ, ದಾರಿಯಲ್ಲಿ ಸಿಕ್ಕ ಕೆರೆಗಳನ್ನೆಲ್ಲ ಒಂದೊಂದಾಗಿ ತುಂಬಿಸಿ, ಮೇಲಿನೂರಿನ ಕೆರೆಯ ಕೋಡಿ ಬಿದ್ದ ಮೇಲೆ ನಮ್ಮ ಪಾಲಿಗೆ ಬರುತ್ತಿತ್ತು. ಮುಂದೆ ದಂಡಿನಶಿವರದ ಕಡೆಗೆ ತಿರುಗಿ, ಕಡೆಗೆ ಶಿಂಷೆಗೆ ಸೇರುತ್ತದೆಂದು ಶಾಲೆಯ ಮೇಷ್ಟ್ರು ಹೇಳಿದ್ದರು. ನಾವ್ಯಾರೂ ಅಷ್ಟು ದೂರ ಹೋಗಿ ನೋಡಿರಲಿಲ್ಲ. ಮಳೆಗಾಲ ಮುಗಿದು ಸಂಕ್ರಾಂತಿ ಬರುವ ತನಕ ಹರಿಯುತ್ತಿತ್ತು, ಆಮೇಲೆ ಮರಳಿನೊಳಗೆ ಇಳಿದುಬಿಡುತ್ತಿತ್ತು. ಆಗ ಹೆಂಗಸರು ಮರಳಿನಲ್ಲಿ ಮೊಣಕಾಲುದ್ದ ತೋಡಿ ಒರತೆ ಮಾಡಿ, ಚಿಪ್ಪಿನಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬಿಸುತ್ತಿದ್ದರು. ದೊಡ್ಡವ್ವ ಮೊಗೆಯುತ್ತಿದ್ದರೆ ಅವ್ವ ಬಿಂದಿಗೆ ಹಿಡಿಯುತ್ತಿದ್ದಳು. ಹೊಂಗೆ ಮರದ ಕೆಳಗೆ ಬಟ್ಟೆ ಒಗೆಯುವ ಬಂಡೆ, ಅದರ ಕೆಳಕ್ಕೆ ನಾರಿಗೆಂದು ತೆಂಗಿನ ಮಟ್ಟೆ ನೆನೆಹಾಕುವ ಗುಂಡಿ, ಅದರ ಕೊಳೆತ ವಾಸನೆಗೆ ಮೂಗು ಹಿಡಿದು ಮುಂದೆ ಹೋದರೆ ಹಳ್ಳ ಪಡುವಲಕ್ಕೆ ಸೊಂಟ ತಿರುಗಿಸಿ, ಒಂದು ದೊಡ್ಡ ಸುತ್ತು ಬಂದು, ಮತ್ತೆ ಮೂಡಲಕ್ಕೇ ವಾಪಸಾಗುತ್ತಿತ್ತು. ಆ ಸುತ್ತಿನೊಳಗೆ ಸಿಕ್ಕಿಕೊಂಡ ದೊಡ್ಡಪ್ಪನ ನೆಲ ನಮ್ಮ ಕಡೆಗೆ ನಾಲಗೆಯಂತೆ ಚಾಚಿಕೊಂಡಿತ್ತು. ಅದಕ್ಕೆ ನಾಲಗೆ ತೋಟ ಎಂದೇ ಹೆಸರು.

ಈ ನಾಲಗೆ ವರ್ಷ ವರ್ಷ ಬೆಳೆಯುತ್ತಿತ್ತು. ಸುತ್ತಿನ ಹೊರಮಗ್ಗುಲಿಗೆ ಅಂದರೆ ನಮ್ಮ ದಡಕ್ಕೆ ನೀರು ಬಂದು ಬಡಿಯುತ್ತಿತ್ತು, ಮಣ್ಣು ಕೊರೆಯುತ್ತಿತ್ತು. ಒಳಮಗ್ಗುಲಿಗೆ ಅಂದರೆ ದೊಡ್ಡಪ್ಪನ ದಡಕ್ಕೆ ಮೆಕ್ಕಲು ತಂದು ಹಾಕುತ್ತಿತ್ತು. ಪ್ರತಿ ಮಳೆಗಾಲ ಕಳೆದ ಮೇಲೆ ದೊಡ್ಡಪ್ಪ ಆ ಮೆಕ್ಕಲಿನ ಮೇಲೆ ಹೊಸ ತೆಂಗಿನ ಸಸಿ ಇಡುತ್ತಿದ್ದ. ನಮ್ಮ ದಡದ ಮರಗಳ ಬೇರು ಗಾಳಿಗೆ ತೂಗಾಡುತ್ತಿದ್ದವು. ತುಂಬು ಫಸಲಿನ ಒಂದು ಮರ ಇಡೀ ಮಳೆಗಾಲ ಬಾಗುತ್ತ ಬಾಗುತ್ತ ಕಡೆಗೊಂದು ದಿನ ಗೊನೆ ಸಮೇತ ನೀರಿಗೆ ಬಿದ್ದಾಗ, ಅಪ್ಪ ದಡದ ಮೇಲೆ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. ಎದುರು ದಡದಲ್ಲಿ ದೊಡ್ಡಪ್ಪ ಸಸಿಗೆ ಪಾತಿ ಮಾಡುತ್ತಿದ್ದ.

"ಅಣ್ಣಾ, ಅದು ನನ್ ಮಣ್ಣು ಕಣಣ್ಣ," ಎಂದ ಅಪ್ಪ.

"ನಾನೇನ್ ಹೊತ್ಕೊಂಡ್ ಬಂದ್ನೇನ್ಲಾ? ಹಳ್ಳ ಕೊಟ್ಟಿದ್ದು ಕಣ್ಲಾ. ಅಪ್ಪ ಹೇಳಿಲ್ವಾ, ಹಳ್ಳನೇ ಗಡಿ ಅಂತ?"

ದೊಡ್ಡಪ್ಪ ಕೆಟ್ಟವನಲ್ಲ. ಆದರೆ ಆ ಮಾತನ್ನು ಅವನು ನಗುತ್ತಾ ಹೇಳುತ್ತಿದ್ದ, ಅದೇ ಅಪ್ಪನಿಗೆ ಉರಿ. ಆಮೇಲೆ ನಮ್ಮ ಸೀಮೆಗೆಲ್ಲ ತೆಂಗಿಗೆ ನುಸಿ ಬಂತು. ಕಾಯಿ ಮೈತುಂಬ ಕಂದು ಕಜ್ಜಿಯಾಗಿ, ಮುಷ್ಟಿ ಗಾತ್ರಕ್ಕೆ ಮುರುಟಿಕೊಂಡವು. ತಿಪಟೂರಿನ ಮಾರ್ಕೆಟ್ಟಿಗೆ ಹೋದರೆ ದಲ್ಲಾಳಿಗಳು ನಮ್ಮ ಕೊಬ್ಬರಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಮೆಕ್ಕಲಿನ ಕಸುವಿಗೋ ಏನೋ, ನಾಲಗೆ ತೋಟದ ಮರಗಳು ಮಾತ್ರ ಆ ರೋಗವನ್ನು ತಡೆದುಕೊಂಡು ದಪ್ಪ ದಪ್ಪ ಕಾಯಿ ಬಿಡುತ್ತಿದ್ದವು. ಅಟ್ಟದ ಮೇಲೆ ಒಂದೇ ಕಡೆ ರಾಶಿ ಹಾಕುತ್ತಿದ್ದ ಕಾಯಿಗಳ ನಡುವೆ ದೊಡ್ಡಪ್ಪ ಆ ವರ್ಷ ತೆಂಗಿನ ಗರಿಯ ತಡಿಕೆ ನಿಲ್ಲಿಸಿದ. ಅದನ್ನು ನೋಡಿದ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದರ ಮುಂದಿನ ವರ್ಷ ಚಿತ್ತೆ ಮಳೆ ಹುಚ್ಚು ಹಿಡಿದಂತೆ ಹುಯ್ಯಿತು. ಮೇಲಿನೂರಿನ ಕೆರೆ ಕೋಡಿ ಬಿದ್ದು, ಕೋಡಿಯ ಕಟ್ಟೆಯೇ ಕಿತ್ತುಕೊಂಡು ಹೋಯಿತೆಂದು ಸುದ್ದಿ ಬಂತು. ಬೆಳಿಗ್ಗೆ ಮಳೆ ನಿಂತ ಮೇಲೆ ಅಪ್ಪ ಹಳ್ಳ ನೋಡಲು ಹೋದವನು ಮೊಣಕಾಲ ತನಕ ಕೆಸರು ಮಾಡಿಕೊಂಡು ವಾಪಸು ಬಂದ. ಅವನು ನಗುತ್ತಿದ್ದ. ಅಪ್ಪ ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲೇ ಇಲ್ಲ. ಅಂಗಳದಿಂದಲೇ ಅವ್ವನನ್ನು ಕೂಗಿದ.

"ಏ ಜಯಾ, ಬಾರೇ ಇಲ್ಲಿ! ಹಳ್ಳ ನ್ಯಾಯ ಮಾಡೈತೆ ಕಣೇ. ನ್ಯಾಯ ಮಾಡ್ಬುಟೈತೆ!"

ಊರೆಲ್ಲ ಹೋಗಿ ನೋಡಿತು. ಹಳ್ಳಕ್ಕೆ ಆ ದೊಡ್ಡ ಸುತ್ತು ಬೇಸರವಾಗಿತ್ತು. ನಾಲಗೆಯ ಬುಡದಲ್ಲಿ, ನೆಲ ಕಿರಿದಾಗಿದ್ದ ಕಡೆ ಸೀಳಿಕೊಂಡು ನೆಟ್ಟಗೆ ಹರಿದುಬಿಟ್ಟಿತ್ತು. ಹಳೆಯ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ನೀರಿನ ಗುಂಡಿ, ಅದರಲ್ಲಿ ವಿಲವಿಲ ಒದ್ದಾಡುವ ಮೀನು. ಹೊಸ ದಾರಿ ನಾಲಗೆ ತೋಟದ ಮೂಡಲಿಗೆ ಬಿದ್ದಿತ್ತು. ಅಂದರೆ ದೊಡ್ಡಪ್ಪ ವರ್ಷಗಟ್ಟಲೆ ಮೆಕ್ಕಲಿನ ಮೇಲೆ ಸಾಕಿದ್ದ ಮರಗಳೆಲ್ಲ ಈಗ ಹಳ್ಳದಿಂದ ಪಡುವಲಕ್ಕೆ, ನಮ್ಮ ಕಡೆ ನಿಂತಿದ್ದವು.

ದೊಡ್ಡಪ್ಪ ನೀರಿನಾಚೆ ನಿಂತು ತನ್ನ ಮರಗಳನ್ನು ನೋಡುತ್ತಿದ್ದ. ಅಪ್ಪ ಈಚೆಯಿಂದ ಕೂಗಿದ.

"ಹಳ್ಳ ಕೊಟ್ಟಿದ್ದು ಕಣಣ್ಣಾ! ನಾನೇನ್ ಹೊತ್ಕೊಂಡ್ ಬಂದ್ನಾ?"

ಜನ ಗೊಳ್ಳೆಂದರು. ದೊಡ್ಡಪ್ಪ ನಗಲಿಲ್ಲ. ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಕಾಯಿ ಬಲಿತಾಗ ಇಬ್ಬರೂ ಒಂದೇ ದಿನ ಒಬ್ಬನೇ ಆಳನ್ನು ಕರೆಸಿದ್ದರು. ಅವನು ದೋಟಿ ಹೆಗಲಿಗೆ ಹಾಕಿಕೊಂಡು ಮರದ ಬುಡದಲ್ಲಿ ನಿಂತು ಅವರನ್ನೊಮ್ಮೆ ಇವರನ್ನೊಮ್ಮೆ ನೋಡಿದ.

"ಯಾರ್ ಕಾಯಿ ಕೀಳ್ಲಿ ಸ್ವಾಮಿ? ನಿಮ್ ನ್ಯಾಯ ಮುಗಿದ್ ಮೇಲೆ ಹೇಳಿ ಕಳ್ಸಿ, ಬತ್ತೀನಿ," ಎಂದು ಬೀಡಿ ಹಚ್ಚಿಕೊಂಡು ಹೊರಟೇಹೋದ.

ಕಾಯಿ ಕೀಳುವವರಿಲ್ಲದೆ ತಾವಾಗಿಯೇ ಉದುರಿದವು. ಕೆಲವು ಹಳ್ಳಕ್ಕೆ ಬಿದ್ದು ತೇಲಿಹೋದವು, ಉಳಿದವು ಬುಡದಲ್ಲೇ ಮೊಳಕೆ ಒಡೆದವು. ಮನೆಯೊಳಗೆ ಅಪ್ಪ ಒಂದು ಸಂಜೆ ಕೆಮ್ಮಣ್ಣು ಕಲಸಿ ತಂದು ಗೋಡೆಯ ಗೂಡನ್ನು ಮೆತ್ತಿಬಿಟ್ಟ. ಅವ್ವ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಗೋಡೆಯಾಚೆ ಇದ್ದ ನನ್ನನ್ನು ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕೂರಿಸಿದ.

"ಇನ್ ಮೇಲೆ ಆಕಡೆ ಹೋದ್ರೆ ಕಾಲ್ ಮುರೀತೀನಿ. ಇಲ್ಲೇ ಉಣ್ಣು, ಇಲ್ಲೇ ಮನೀಕೊ."

ನನ್ನ ಪ್ರಾಣವೇ ಹೋದ ಹಾಗಾಯಿತು. ಮರ ಯಾರದಾದರೇನು, ನನಗೆ ದೊಡ್ಡವ್ವ ಬೇಕಿತ್ತು. ಅವ್ವ ಇಟ್ಟ ಮುದ್ದೆಯನ್ನು ಮುಟ್ಟಲಿಲ್ಲ. ಸಾರಿನಲ್ಲಿ ಬೆರಳಾಡಿಸಿ ಎದ್ದುಬಿಟ್ಟೆ. ಮೊದಲಾಗಿದ್ದರೆ ಸೌಟು ತೋರಿಸುತ್ತಿದ್ದ ಅವ್ವ ಈಗ ಬೈಯುತ್ತಲೂ ಇರಲಿಲ್ಲ. ಒಂದು ದಿನ ತಟ್ಟೆಯ ಅಂಚಿಗೆ ತುಪ್ಪ ಇಟ್ಟಳು. ನಾನು ತಟ್ಟೆಯನ್ನು ದೂಡಿದೆ.

"ದೊಡ್ಡವ್ವ ಇಕ್ಕಿದ್ರೆ ಉಣ್ತೀನಿ," ಎಂದೆ.

ಅವ್ವ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅದೇ ಮುದ್ದೆಯನ್ನು ತಾನು ತಿಂದಳು. ನನಗೆ ಜ್ವರ ಬಂತು. ಗೋಡೆಯಾಚೆ ದೊಡ್ಡವ್ವನೂ ಒಲೆ ಹಚ್ಚುತ್ತಿಲ್ಲವೆಂದು ಊರಲ್ಲಿ ಮಾತಾಯಿತು. ಅದು ನಿಜ. ಅವಳ ಒಲೆಯ ಹೊಗೆ ಅಟ್ಟಕ್ಕೆ ಬರುವುದು ನಿಂತಿತ್ತು, ನಾನು ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆ.

ಕಡೆಗೆ ಊರ ಯಜಮಾನರು ಇಬ್ಬರನ್ನೂ ಹೊಂಗೆ ಮರದ ಕೆಳಗೆ ಕರೆಸಿದರು. ನ್ಯಾಯ ಹಳ್ಳದ ಮುಂದೆಯೇ ಆಗಲಿ ಎಂಬುದು ಅವರ ಮಾತು. ಗಂಡಸರು ಬಂಡೆಯ ಮೇಲೆ, ಮರಳಿನ ಮೇಲೆ ಕೂತರು. ಹೆಂಗಸರು ಹಿಂದೆ ನಿಂತರು, ಅವ್ವ ಒಂದು ತುದಿಗೆ, ದೊಡ್ಡವ್ವ ಇನ್ನೊಂದು ತುದಿಗೆ. ಜ್ವರ ಬಿಟ್ಟಿದ್ದ ನಾನು ಅವ್ವನ ಸೆರಗು ಹಿಡಿದುಕೊಂಡಿದ್ದೆ, ಕಣ್ಣೆಲ್ಲ ಆಚೆ ತುದಿಯಲ್ಲಿ. ದೊಡ್ಡವ್ವ ಅರ್ಧವಾಗಿದ್ದಳು. ಅಪ್ಪ ತಾತನ ಮಾತನ್ನು ಮತ್ತೆ ಮತ್ತೆ ಹೇಳಿದ. ಹಳ್ಳ ನನ್ನ ಮಣ್ಣು ತಿಂದಾಗ ಯಾರೂ ಕೇಳಲಿಲ್ಲ, ಈಗ ಯಾಕೆ ಕೇಳುತ್ತೀರಿ ಎಂದ. ಸುಳ್ಳೇನಲ್ಲ. ಯಜಮಾನರು ದೊಡ್ಡಪ್ಪನ ಮುಖ ನೋಡಿದರು.

"ಸರಿ ಕಣ್ರೀ," ಎಂದ ದೊಡ್ಡಪ್ಪ. "ಅವ್ನ ಕಡೀಕ್ ಬಂದಿದ್ದೆಲ್ಲ ಅವ್ನದೇ ಆಗ್ಲಿ. ಹಂಗಾದ್ರೆ ಗೋಡೆ ದಾಟಿ ನನ್ ಕಡೀಕ್ ಬಂದ್ ಮಗ ಯಾರ್ದು? ಮೊಲೆ ಬುಟ್ಟಾಗಿಂದ ನಮ್ಮನೇಲಿ ಬೆಳೆದೈತಲ್ಲ, ಅದುನ್ನ ಯಾಕೆ ಎಳ್ಕೊಂಡೋದ?"

ಯಾರೋ ನಕ್ಕರು. ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಪ್ಪ ವಾದಕ್ಕೆ ವಾದ ಎಂದು ಆಡಿದ ಮಾತು ಅದು, ಆದರೆ ದೊಡ್ಡವ್ವನಿಗೆ ಅದೇ ದಾರಿಯಾಗಿ ಕಂಡಿತು. ಗಂಡಸರ ನ್ಯಾಯದಲ್ಲಿ ಎಂದೂ ಬಾಯಿಬಿಡದವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮುಂದೆ ಬಂದಳು.

"ಮರ ಎಲ್ಲ ಅವ್ನೇ ಇಟ್ಕಳ್ಳಿ. ಬರ್ಕೊಟ್ಬುಡ್ತೀವಿ. ನನ್ ಗೌರಿನ ನಂಗ್ ಕೊಟ್ಬುಡ್ಲಿ."

ದೊಡ್ಡಪ್ಪ ಹೆಂಡತಿಯನ್ನು ತಡೆಯಲಿಲ್ಲ. ತಲೆ ಬಗ್ಗಿಸಿ ಮರಳು ನೋಡುತ್ತಿದ್ದ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಹೂಂ ಎನ್ನಲಿ ಎಂದು ನನಗೆ ಆಸೆಯಾಗಿತ್ತು, ಹೂಂ ಎಂದರೆ ನಾನು ಓಡಿಹೋಗಿ ದೊಡ್ಡವ್ವನ ಸೊಂಟ ತಬ್ಬಿಕೊಳ್ಳಬಹುದು. ಅದೇ ಉಸಿರಿನಲ್ಲಿ, ಅವನು ಎದ್ದು ನಿಂತು ಏನು ಮಾತಾಡುತ್ತೀಯ, ನನ್ನ ಮಗಳನ್ನು ಮರಕ್ಕೆ ಕೊಡುತ್ತೇನಾ ಎಂದು ಗದರಲಿ ಎಂದೂ ಆಸೆಯಾಗಿತ್ತು. ಎರಡೂ ಒಟ್ಟಿಗೇ ಬೇಕಿತ್ತು ನನಗೆ. ಅಪ್ಪ ನಾಲಗೆ ತೋಟದ ಕಡೆ ನೋಡಿದ. ಬಿಸಿಲಿಗೆ ಆ ಮರಗಳ ಗೊನೆಗಳು ಮಿರುಗುತ್ತಿದ್ದವು. ನೋಡುತ್ತಲೇ ಇದ್ದ. ಆಮೇಲೆ ಯಜಮಾನರ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದ.

"ಬುಡದ ಮಣ್ಣೂ ಸೇರಿಸಿಯಾ?"

ಆ ಮಾತು ಅವನ ಬಾಯಿಂದ ಬಂದ ಕೂಡಲೇ ಅವನಿಗೇ ಗೊತ್ತಾಯಿತೆಂದು ಕಾಣುತ್ತದೆ, ಮುಖ ಕಪ್ಪಿಟ್ಟಿತು. ಆದರೆ ಆಡಿದ್ದಾಗಿತ್ತು. ಊರೇ ಕೇಳಿಸಿಕೊಂಡಿತ್ತು. ಅಪ್ಪ ಆಮೇಲೆ ಎಷ್ಟು ವರ್ಷ ಬದುಕಿದ, ನನ್ನ ಮದುವೆಯಲ್ಲಿ ಕಣ್ಣೀರು ಹಾಕಿದ, ನನ್ನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದ. ಅದೆಲ್ಲ ಇದೆ. ಈ ಮಾತೂ ಇದೆ.

ಆಗ ನನ್ನ ಕೈಯಲ್ಲಿದ್ದ ಸೆರಗು ಜಗ್ಗಿತು. ಅವ್ವ ನಡೆಯತೊಡಗಿದ್ದಳು. ನನ್ನ ಮುಂಗೈ ಹಿಡಿದು, ಗಂಡಸರ ನಡುವೆಯೇ ಹಾದು, ಅಪ್ಪನನ್ನು ದಾಟಿ, ನೇರ ದೊಡ್ಡವ್ವನ ಮುಂದೆ ಹೋಗಿ ನಿಂತಳು. ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದಳು.

"ತಕೋ ಅಕ್ಕ. ಮರಕ್ಕೆ ಕೊಡಲ್ಲ ನಾನು ಇವ್ಳನ್ನ. ಸುಮ್ನೆ ಕೊಡ್ತಿದೀನಿ. ಮರ ನಿಂದೇ, ಮಗೂನೂ ನಿಂದೇ."

ಯಜಮಾನರ ಕಡೆ ತಿರುಗಿ ಇನ್ನೂ ಒಂದು ಮಾತು ಹೇಳಿದಳು.

"ಹಳ್ಳದ ಹಳೇ ದಾರೀನೇ ಗಡಿ ಅಂತ ಮಾಡ್ಬುಡಿ ಸ್ವಾಮಿ. ನಮ್ಗೇನೂ ಬ್ಯಾಡ."

ಬೇಡ ಎಂದು ಅಪ್ಪ ಯಾವ ಬಾಯಿಂದ ಅನ್ನುತ್ತಾನೆ? ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ದೊಡ್ಡವ್ವ ನನ್ನನ್ನು ತಬ್ಬಿಕೊಂಡಿದ್ದಳು, ಆದರೆ ಅವಳ ಕಣ್ಣು ತಂಗಿಯ ಮೇಲಿತ್ತು.

"ಜಯಾ, ನಾನು ಮಗೀಗೆ ಬೆಲೆ ಕಟ್ಬುಟ್ನಲ್ಲೇ. ನನ್ ಬಾಯಿಗ್ ಮಣ್ಣಾಕ."

"ಅಳ್ಬ್ಯಾಡ ಬುಡಕ್ಕ. ಹೋಗು, ಮಗ ಹಸ್ಕೊಂಡೈತೆ," ಎಂದಳು ಅವ್ವ.

ನಾನು ಅವತ್ತು ದೊಡ್ಡವ್ವನ ಕೈಯಲ್ಲಿ ಹೊಟ್ಟೆ ಬಿರಿಯ ಉಂಡೆ. ಸುಳ್ಳು ಯಾಕೆ ಹೇಳಲಿ, ಸಂತೋಷದಿಂದಲೇ ಉಂಡೆ. ನನಗೆ ಬೇಕಾದದ್ದು ಸಿಕ್ಕಿತ್ತು. ಮರಗಳು ದೊಡ್ಡಪ್ಪನಿಗೇ ಉಳಿದವು, ಅವನು ಹೊಸ ಹಳ್ಳ ದಾಟಿಕೊಂಡು ಬಂದು ಕಾಯಿ ಇಳಿಸುತ್ತಿದ್ದ. ನೆಟ್ಟಗೆ ಹರಿಯಲು ಕಲಿತ ಹಳ್ಳ ಆಮೇಲೆ ನಿಲ್ಲುವುದನ್ನೇ ಮರೆಯಿತು. ಬಂದ ನೀರು ಬಂದ ಹಾಗೆಯೇ ಓಡಿಹೋಗಿ, ಒರತೆಗಳು ಆಳಕ್ಕೆ ಇಳಿದವು. ಕೆಲವು ವರ್ಷಕ್ಕೆ ಮರಳಿನ ಲಾರಿಗಳು ಬಂದು ಉಳಿದದ್ದನ್ನೂ ಬಳಿದುಕೊಂಡು ಹೋದವು. ಈಗ ನೀವು ಹೋಗಿ ನೋಡಿದರೆ ಅಲ್ಲಿ ಸುತ್ತು ಯಾವುದು, ನೇರ ಯಾವುದು ಎಂದು ತಿಳಿಯುವುದಿಲ್ಲ, ಜಾಲಿ ಬೆಳೆದಿದೆ.

ನ್ಯಾಯವಾದ ಮರುದಿನ ಬೆಳಿಗ್ಗೆ ನಡೆದದ್ದೊಂದನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಎರಡೂ ಮನೆಗೂ ಅಂಗಳ ಒಂದೇ. ದೊಡ್ಡವ್ವ ಹೊಸ್ತಿಲಲ್ಲಿ ಕೂತು ನನ್ನ ತಲೆ ಬಾಚುತ್ತಿದ್ದಳು. ಅವ್ವ ಬಿಂದಿಗೆ ಹಿಡಿದು ಹೊರಗೆ ಬಂದಳು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲವೇನೋ, ಮುಖ ಊದಿತ್ತು. ನಮ್ಮ ಮುಂದೆ ಬಂದು ನಿಂತು, ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ನನ್ನನ್ನೇ ನೋಡುತ್ತಾ ದೊಡ್ಡವ್ವನನ್ನು ಕೇಳಿದಳು.

"ಅಕ್ಕ, ನಿನ್ ಮಗ್ಳು ಉಂಡ್ಳಾ?"

"ಉಂಡ್ಳು ಕಣೇ," ಎಂದಳು ದೊಡ್ಡವ್ವ.

ಅವ್ವ ತಲೆಯಾಡಿಸಿ ಹಳ್ಳದ ದಾರಿ ಹಿಡಿದಳು. ಅವಳು ಬೇಲಿ ದಾಟುವ ಹೊತ್ತಿಗೆ ನನಗೆ ಏನಾಯಿತೋ, ಅರ್ಧ ಹೆಣೆದ ಜಡೆಯನ್ನು ದೊಡ್ಡವ್ವನ ಕೈಯಿಂದ ಕಿತ್ತುಕೊಂಡು ಎದ್ದು ನಿಂತು, ಗಂಟಲು ಹರಿಯುವಂತೆ "ಅವ್ವಾ" ಎಂದು ಕೂಗಿದೆ. ಅವಳು ನಿಂತಳು. ತಿರುಗಲಿಲ್ಲ. ಬಿಂದಿಗೆಯನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮತ್ತೆ ನಡೆದಳು. ಹಿಂದಿನಿಂದ ದೊಡ್ಡವ್ವ, "ಏನ್ ಮಗಾ? ಇಲ್ಲೇ ಇವ್ನಿ ಕಣವ್ವ," ಎಂದಳು.